ಒಂದೇ ಫೋಲ್ಡರ್ ಬೇಕು ಅಂದ್ರೆ ಎಸ್‌ವಿಎನ್ ಒಳ್ಳೇದಾ, ಗಿಟ್ ಒಳ್ಳೇದಾ?

ನಂಗೆ ಬೇಕಿದ್ದಿದ್ದು ಡಾಕ್ಸ್ ಫೋಲ್ಡರ್ ಒಂದೇ, ಆದ್ರೆ ರೆಪೊ (ಪ್ರಾಜೆಕ್ಟ್ ಫೈಲ್‌ಗಳೂ ಅವುಗಳ ಹಳೇ ವರ್ಷನ್‌ಗಳೂ ಇರೋ ಜಾಗ) ತುಂಬಾ ಡಿಸೈನ್ ಟೀಮ್‌ನವರ ದೊಡ್ಡ ದೊಡ್ಡ ಇಮೇಜ್ ಫೈಲ್‌ಗಳು, ಎಲ್ಲಾ ಇಳಿಸ್ಕೊಂಡು ಕೂರೋಕೆ ಡಿಸ್ಕಲ್ಲಿ ಜಾಗನೂ ಇಲ್ಲ ನಂಗೆ ತಾಳ್ಮೆನೂ ಇಲ್ಲ. ಎಸ್‌ವಿಎನ್ (ಸಬ್‌ವರ್ಷನ್), ಗಿಟ್, ಮರ್ಕ್ಯುರಿಯಲ್ ಮೂರೂ ಫೈಲ್‌ಗಳಲ್ಲಿ ಏನು ಬದಲಾಯ್ತು ಅಂತ ಲೆಕ್ಕ ಇಡೋ ಟೂಲ್‌ಗಳು. ಮೂಲ ರೆಪೊ ಎಸ್‌ವಿಎನ್ನಲ್ಲಿತ್ತು, ಅದನ್ನೇ ಗಿಟ್‌ಗೂ ಮರ್ಕ್ಯುರಿಯಲ್‌ಗೂ ಕನ್ವರ್ಟ್ ಮಾಡಿ ನೋಡ್ದೆ.

ಎಸ್‌ವಿಎನ್‌ದು ತಕರಾರೇ ಇಲ್ಲ. ಫೋಲ್ಡರ್ ಯುಆರ್‌ಎಲ್ ಕೊಟ್ಟು ಚೆಕ್‌ಔಟ್ (ನಮ್ಮ ಕಂಪ್ಯೂಟರ್‌ಗೆ ಕಾಪಿ ಇಳಿಸೋ ಕಮಾಂಡ್) ಅಂದ್ರೆ ಅಷ್ಟೇ ಬರತ್ತೆ, ಮುಗೀತು. ಎರಡು ಮೂರು ಫೋಲ್ಡರ್ ಬೇಕಾದ್ರೆ ಟ್ರಂಕನ್ನ (ರೆಪೊದ ಮುಖ್ಯ ಫೋಲ್ಡರ್) ಡೆಪ್ತ್ ಎಂಪ್ಟಿ ಅಂತ ಖಾಲಿ ತಗೊಂಡು, ಬೇಕಾದ್ದಕ್ಕೆ ಮಾತ್ರ ಅಪ್‌ಡೇಟ್ ಜೊತೆ ಸೆಟ್-ಡೆಪ್ತ್ ಇನ್ಫಿನಿಟಿ ಕೊಡಿ, ಮುಂದಿನ ಅಪ್‌ಡೇಟಲ್ಲೂ ಅದು ನೆನಪಿರತ್ತೆ. 2008ರ 1.5 ವರ್ಷನ್ನಿಂದ ಇದೆ ಇದು. ಲಾಗ್ (ಬದಲಾವಣೆಗಳ ಪಟ್ಟಿ) ನೋಡೋಕೂ ಸರ್ವರ್ ಬೇಕು ಅನ್ನೋದೊಂದೇ ಕಿರಿಕಿರಿ.

ಗಿಟ್ಟಲ್ಲಿ ಮೊದಲನೇ ಸಲ ಸರಿಯಾಗಿ ಮೋಸ ಹೋದೆ. ಸ್ಪಾರ್ಸ್-ಚೆಕ್‌ಔಟ್ ಸೆಟ್ ಡಾಕ್ಸ್ ಅಂತ ಹೊಡೆದೆ, ಫೋಲ್ಡರ್ ನೋಡಿದ್ರೆ ಪುಟ್ಟದು, ಖುಷಿಯಾಯ್ತು, ಆಮೇಲೆ ಡಾಟ್‌ಗಿಟ್ (ಗಿಟ್ ತನ್ನ ಇತಿಹಾಸ ಇಟ್ಕೊಳ್ಳೋ ಫೋಲ್ಡರ್) ಒಳಗೆ ಇಣುಕಿದ್ರೆ ಇಮೇಜ್‌ಗಳ ಹಳೇ ವರ್ಷನ್‌ಗಳೂ ಸೇರಿ ಎಲ್ಲಾ ಅಲ್ಲೇ ಕೂತಿವೆ! ಕಣ್ಣಿಗೆ ಕಾಣೋದು ಕಮ್ಮಿ ಮಾಡೋದು ಸ್ಪಾರ್ಸ್, ಇಳಿಸೋದೇ ಕಮ್ಮಿ ಮಾಡೋಕೆ ಕ್ಲೋನ್ (ರೆಪೊ ಕಾಪಿ) ಮಾಡುವಾಗ್ಲೇ ಫಿಲ್ಟರ್ ಬ್ಲಾಬ್ ನನ್ (ಫೈಲ್‌ಗಳ ಒಳಗಿನ ಡೇಟಾ ಈಗ್ಲೇ ಬೇಡ ಅಂತ) ಹಾಕ್ಬೇಕು, ಎರಡೂ ಬೇರೆ ಬೇರೆ. ಹಾಕ್ದೆ, ಮತ್ತೆ ಪೂರ್ತಿ ಬಂತು. ಲೋಕಲ್ ಪಾತ್‌ನಿಂದ ಕ್ಲೋನ್ ಮಾಡಿದ್ರೆ ಫಿಲ್ಟರ್ ಇಗ್ನೋರ್ ಮಾಡ್ತೀನಿ ಅಂತ ವಾರ್ನಿಂಗ್ ಕೊಟ್ಟಿತ್ತು, ನಾನು ಓದಿರ್ಲಿಲ್ಲ ಅಷ್ಟೇ. ಪಾತ್ ಮುಂದೆ ಫೈಲ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್ ಸೇರ್ಸಿ, ಆ ಕಡೆ ರೆಪೊ ಕಾನ್ಫಿಗಲ್ಲಿ ಅಪ್‌ಲೋಡ್‌ಪ್ಯಾಕ್ ಡಾಟ್ ಅಲೌ‌ಫಿಲ್ಟರ್ ಟ್ರೂ ಮಾಡಿದ್ಮೇಲೆ ದಾರಿಗೆ ಬಂತು.

ಇಷ್ಟಾದ್ಮೇಲೆ ಮಾತ್ರ ಚೆನ್ನಾಗಿದೆ. ಕಮಿಟ್ (ಒಂದೊಂದು ಬದಲಾವಣೆಯ ದಾಖಲೆ), ಟ್ರೀ (ಫೋಲ್ಡರ್‌ಗಳ ಪಟ್ಟಿ) ಎಲ್ಲಾ ಇರೋದ್ರಿಂದ ಲಾಗ್ ಪಟ್ ಅಂತ ಬರತ್ತೆ, ಆದ್ರೆ ಬ್ಲೇಮ್ (ಯಾವ ಸಾಲು ಯಾರು ಬರೆದ್ರು ಅಂತ ತೋರ್ಸೋದು) ಹಾಕಿ ನೋಡಿ, ಹಳೇ ವರ್ಷನ್ನನ್ನ ಸರ್ವರಿಂದ ಒಂದೊಂದಾಗಿ ಎಳೀತಾ ಕೂರತ್ತೆ, ನೆಟ್ ಇಲ್ಲಾಂದ್ರೆ ಎರರ್. 2.37ರಿಂದ ಕೋನ್ ಮೋಡೇ ಡಿಫಾಲ್ಟ್, ಅಂದ್ರೆ ಇಡೀ ಫೋಲ್ಡರ್ ಲೆಕ್ಕದಲ್ಲೇ ಆರಿಸ್ಬೇಕು, ರೂಟಲ್ಲಿರೋ ಬಿಡಿ ಫೈಲ್‌ಗಳು ಬೇಡ ಅಂದ್ರೂ ಬರ್ತವೆ. ಮರ್ಜ್‌ನಲ್ಲಿ (ಇಬ್ಬರ ಬದಲಾವಣೆ ಸೇರ್ಸುವಾಗ) ಕಾನ್‌ಫ್ಲಿಕ್ಟ್ ಆದ್ರೆ ಆರಿಸಿದ ಫೋಲ್ಡರ್ ಆಚೆ ಇರೋ ಫೈಲೂ ಧುತ್ತಂತ ಪ್ರತ್ಯಕ್ಷ ಆಗತ್ತೆ, ಗಾಬರಿ ಬೀಳ್ಬೇಡಿ.

ಮರ್ಕ್ಯುರಿಯಲ್ಲಲ್ಲಿ ಸ್ಪಾರ್ಸ್, ನ್ಯಾರೋ ಅಂತ ಎರಡು ಎಕ್ಸ್‌ಟೆನ್ಷನ್ ಇವೆ, ಎರಡಕ್ಕೂ ಎಕ್ಸ್‌ಪೆರಿಮೆಂಟಲ್ ಅನ್ನೋ ಹಣೆಪಟ್ಟಿ. ಇಳಿಸೋದೇ ಕಮ್ಮಿ ಮಾಡೋದು ನ್ಯಾರೋ, ಅದನ್ನ ಸರ್ವರಲ್ಲೂ ಆನ್ ಮಾಡ್ಬೇಕು. ಅಲ್ಲಿಗೇ ಕೈಬಿಟ್ಟೆ.

ಬರೀ ಡಾಕ್ಸ್ ತಿದ್ದೋರಿಗೆ ನಾನು ಈಗ್ಲೂ ಎಸ್‌ವಿಎನ್ನೇ ಹೇಳೋದು. ನಂಗೆ ದಿನಾ ಬ್ರಾಂಚ್ (ಬೇರೆ ಕವಲಲ್ಲಿ ಕೆಲಸ) ಮಾಡೋ ಚಟ, ಹಾಗಾಗಿ ಫಿಲ್ಟರ್ ಹಾಕಿದ ಗಿಟ್ ಇಟ್ಕೊಂಡಿದೀನಿ, ಬ್ಲೇಮ್ ಬೇಕಿರೋ ನಾಲ್ಕೈದು ಫೈಲ್‌ಗೆ ನೆಟ್ ಇದ್ದಾಗ್ಲೇ ಒಂದ್ಸಲ ಓಡಿಸಿಡ್ತೀನಿ.