1,400 ರೂಪಾಯಿ ಉಳಿಸಿದೆವು, ಮಗಳು ಹದಿನಾರು ಸಾಲು ಹಿಂದೆ ಕೂತಳು

ಚಿಕ್ಕ ಮಕ್ಕಳನ್ನು ಕರೆದುಕೊಂಡು ವಿಮಾನದಲ್ಲಿ ಹೋಗುವವರಿದ್ದರೆ ಟಿಕೆಟ್ ಮಾಡಿಸುವ ಮುಂಚೆ ಇದನ್ನೊಮ್ಮೆ ಓದಿ. ನಾವು ಹೋಗುವಾಗ ಒಂದು ತಪ್ಪು ಮಾಡಿದೆವು, ಬರುವಾಗ ಇನ್ನೊಂದು. ಮೊದಲನೆಯದಕ್ಕೆ ಹೋಗಿದ್ದು ಬರೀ ದುಡ್ಡು. ಎರಡನೆಯದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಚಿಕ್ಕಬಳ್ಳಾಪುರದವರು ವಿಮಾನ ನೋಡದೆ ಇರೋರಲ್ಲ. ನಮ್ಮದು ಜಿಲ್ಲೆ ಆಗಿದ್ದು 2007ರಲ್ಲಿ, ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಆವಾಗಿಂದ ಮಾಳಿಗೆ ಮೇಲೆ ಬಟ್ಟೆ ಒಣಹಾಕುತ್ತಾ ತಲೆ ಮೇಲೆ ಹೋಗೋದನ್ನು ನೋಡುತ್ತಲೇ ಇದ್ದೇವೆ. ನಮ್ಮ ಬೀದಿಯ ಮೂರ್ನಾಲ್ಕು ಹುಡುಗರು ಅಲ್ಲೇ ಕೆಲಸಕ್ಕೆ ಹೋಗುತ್ತಾರೆ. ಆದರೆ ನಮ್ಮ ಮನೆಯವರು ಯಾರೂ ಹತ್ತಿರಲಿಲ್ಲ. ಅತ್ತೆಗೆ ಕಾಶಿ ನೋಡುವ ಆಸೆ ತುಂಬಾ ದಿನದಿಂದ ಇತ್ತು. ರೈಲಿನಲ್ಲಾದರೆ ಎರಡು ದಿನ ಬೇಕು, ಅವರ ಮಂಡಿ ಅದಕ್ಕೆ ಒಪ್ಪಲ್ಲ. ಹಾಗಾಗಿ ವಿಮಾನ. ನಾನು, ನಮ್ಮ ಮನೆಯವರು, ಅತ್ತೆ, ಆರು ವರ್ಷದ ಮಗಳು, ಮೂರು ವರ್ಷದ ಮಗ. ಎರಡು ತುಂಬದ ಮಗುವಾದರೆ ತೊಡೆ ಮೇಲೆ ಕೂರಿಸಿಕೊಳ್ಳಬಹುದು, ನಮ್ಮವನಿಗೆ ಮೂರಾಗಿತ್ತು, ಅವನಿಗೂ ಸೀಟು ತೆಗೆದುಕೊಳ್ಳಲೇಬೇಕು. ಅದು ಗೊತ್ತಿತ್ತು, ಅದರ ಬಗ್ಗೆ ಬೇಜಾರಿಲ್ಲ.

ಹೊರಡುವ ಮುಂಚಿನ ರಾತ್ರಿ ಮಕ್ಕಳನ್ನು ಮಲಗಿಸಿ ಫೋನಿನಲ್ಲಿ ವೆಬ್ ಚೆಕ್-ಇನ್ ಮಾಡೋಕೆ ಕೂತೆ. ಸೀಟುಗಳ ಚಿತ್ರ ಬಂತು. ಈ ಕಡೆ ಮೂರು, ಆ ಕಡೆ ಮೂರು. ಕಿಟಕಿ ಪಕ್ಕದ್ದಕ್ಕೆ 400, ಓಡಾಡುವ ದಾರಿ ಪಕ್ಕದ್ದಕ್ಕೆ 400, ನಡುವಿನದಕ್ಕೆ 250. ಮುಂದಿನ ಸಾಲುಗಳದ್ದು ಇನ್ನೂ ಜಾಸ್ತಿ. ದುಡ್ಡಿಲ್ಲದ ಸೀಟು ಇದ್ದವು, ಆದರೆ ಇಲ್ಲೊಂದು ಅಲ್ಲೊಂದು, ಎಲ್ಲಾ ನಡುವಿನವು. ಬೇಡ ಅಂತ ಮುಂದೆ ಹೋಗಲು ನೋಡಿದರೆ ಒಂದು ಪೆಟ್ಟಿಗೆ ತೆರೆದುಕೊಂಡಿತು. ನಿಮ್ಮ ಕುಟುಂಬದವರಿಂದ ದೂರ ಕೂರಬೇಕಾಗಬಹುದು, ಪರವಾಗಿಲ್ಲವೇ ಅಂತ ಇಂಗ್ಲಿಷಿನಲ್ಲಿ. ಕೆಳಗೆ ಎರಡು ಗುಂಡಿ. ‘ಸೀಟು ಆರಿಸಿ’ ಅನ್ನೋದು ಅಂಗೈಯಷ್ಟು ದೊಡ್ಡದು, ಬಣ್ಣದ್ದು. ‘ಬೇಡ’ ಅನ್ನೋದು ಬೂದು ಅಕ್ಷರದಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕು.

ರಾತ್ರಿ ಹನ್ನೊಂದು ಗಂಟೆಗೆ ಮೂರು ವರ್ಷದ ಮಗುವಿನ ತಾಯಿಗೆ ಈ ಪ್ರಶ್ನೆ ಕೇಳಿದರೆ ಏನು ಮಾಡ್ತಾಳೆ ಹೇಳಿ. ಐದು ಸೀಟಿಗೆ 1,700 ರೂಪಾಯಿ ಕಟ್ಟಿದೆ. ಟಿಕೆಟ್ ದುಡ್ಡು ಬೇರೆ, ಇದು ಬೇರೆ. ಕಟ್ಟಿದ ಮೇಲೆ ಸಮಾಧಾನ ಆಯಿತು ಅನ್ನೋದನ್ನೂ ಒಪ್ಪಿಕೊಳ್ಳುತ್ತೇನೆ.

ಊರಿಗೆ ವಾಪಸ್ ಬಂದ ಮೇಲೆ, ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಪಕ್ಕದ ಮನೆ ಹುಡುಗ ಸಿಕ್ಕಿದ್ದ. ಹೀಗೀಗೆ ಆಯ್ತಪ್ಪ ಅಂದೆ. ‘ಅಯ್ಯೋ ಅಕ್ಕ, ಹನ್ನೆರಡು ವರ್ಷದವರೆಗಿನ ಮಕ್ಕಳನ್ನ ಅಪ್ಪ ಅಮ್ಮನಲ್ಲಿ ಒಬ್ಬರ ಜೊತೆ ಕೂರಿಸಲೇಬೇಕು. ರೂಲ್ಸ್ ಇದೆ. ಹೋಗೋಕೆ ಮುಂಚೆ ಒಂದು ಮಾತು ಕೇಳ್ಬಾರ್ದಿತ್ತಾ?’ ಅಂದ. ಹದಿನೈದು ಹೆಜ್ಜೆ ದೂರದ ಮನೆ ಅವನದು.

ಆಮೇಲೆ ಕೂತು ಓದಿದೆ. ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಇದನ್ನು ಹೇಳಿದೆ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಬರುತ್ತಿರುವ ತಂದೆ ತಾಯಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಬೇಕು, ಅದಕ್ಕೆ ದಾಖಲೆಯನ್ನೂ ಇಡಬೇಕು. ಬೇಕಾದ ಸೀಟು ಆರಿಸಿಕೊಳ್ಳೋದಕ್ಕೆ ಕಂಪನಿ ದುಡ್ಡು ಕೇಳಬಹುದು, ಆದರೆ ಅದು ನಾವಾಗಿ ಬೇಕು ಅಂದಾಗ ಮಾತ್ರ. ನಾವು ಏನೂ ಆರಿಸದಿದ್ದರೆ ಅವರೇ ಒಂದು ಸೀಟು ಹಾಕಿ ಕೊಡಬೇಕು. ಅಂದರೆ ಆ ರಾತ್ರಿ ನಾನು ಬೂದು ಅಕ್ಷರ ಒತ್ತಿ ಮಲಗಿದ್ದರೂ ಮಕ್ಕಳಿಬ್ಬರೂ ನಮ್ಮಲ್ಲಿ ಒಬ್ಬರ ಜೊತೆ ಇರಬೇಕಿತ್ತು. ಅತ್ತೆ ಮತ್ತೆ ಉಳಿದವರೊಬ್ಬರು ಬೇರೆ ಕಡೆ ಹೋಗುತ್ತಿದ್ದರೋ ಏನೋ. ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿ ಅಂತ 2024ರ ಈ ನಿಯಮದಲ್ಲಿ ಇಲ್ಲ, ಅದನ್ನು ತಪ್ಪು ತಿಳಿಯಬೇಡಿ. ಮಗುವಿಗೆ ಕಿಟಕಿಯೇ ಬೇಕು, ಎಲ್ಲರೂ ಒಂದೇ ಸಾಲಲ್ಲಿ ಬೇಕು ಅಂದರೆ ದುಡ್ಡು ಕೊಡಿ, ಅದು ನಿಮ್ಮ ಇಷ್ಟ. ನಾನು ಕೊಟ್ಟಿದ್ದು ಇಷ್ಟಪಟ್ಟಲ್ಲ, ಹೆದರಿ.

ಹಾಗೆ ಹೆದರಿಸೋದೂ ತಪ್ಪೇ ಅಂತೆ. ಆ್ಯಪ್‌ಗಳಲ್ಲಿ ಜನರನ್ನು ಹೀಗೆ ಸಿಕ್ಕಿಸುವ ತಂತ್ರಕ್ಕೆ ‘ಡಾರ್ಕ್ ಪ್ಯಾಟರ್ನ್’ ಅಂತಾರೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಬೇಡ ಅನ್ನೋಕೆ ಮನಸ್ಸು ಚುಚ್ಚುವ ಹಾಗೆ ಮಾಡೋದು ಅದರಲ್ಲಿ ಒಂದು. ಅದಕ್ಕೆ ಅವರು ಕೊಟ್ಟಿರುವ ಉದಾಹರಣೆಯೇ ವಿಮಾನದ ಟಿಕೆಟಿನದು: ಇನ್ಶೂರೆನ್ಸ್ ಬೇಡ ಅಂದವರ ಬಾಯಲ್ಲಿ ‘ನಾನು ಭದ್ರತೆ ಇಲ್ಲದೇ ಇರುತ್ತೇನೆ’ ಅಂತ ಹೇಳಿಸೋದು. ನನಗೆ ಬಂದ ಪೆಟ್ಟಿಗೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ನನಗಂತೂ ತಿಳಿಯಲಿಲ್ಲ.

ಈಗ ಬರುವಾಗಿನ ಕಥೆ.

ನಮ್ಮ ಮನೆಯವರದು ಹೂವಿನ ವ್ಯಾಪಾರ. ಹಬ್ಬದ ಮುಂಚೆ ಮಾರ್ಕೆಟ್ ಬಿಟ್ಟಿರೋಕಾಗಲ್ಲ ಅಂತ ಅವರು ಎರಡು ದಿನ ಮೊದಲೇ ವಾಪಸ್ ಬಂದರು. ನಮ್ಮ ನಾಲ್ವರ ಟಿಕೆಟನ್ನು ಅವರೇ ಮೊದಲೇ ಮಾಡಿಸಿದ್ದರು. ನಾಲ್ಕು ಜನ ಅಂತ ಹಾಕಿದರೆ ಒಬ್ಬೊಬ್ಬರಿಗೆ 700 ಜಾಸ್ತಿ ತೋರಿಸಿತಂತೆ. ಇಬ್ಬರು ಅಂತ ಹಾಕಿದರೆ ಕಮ್ಮಿ. ಇದು ಮೋಸ ಏನಲ್ಲ. ಅಗ್ಗದ ದರದ ಟಿಕೆಟು ಎರಡೇ ಉಳಿದಿದ್ದಾಗ ನಾಲ್ಕು ಕೇಳಿದರೆ, ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುತ್ತೆ. ಅದಕ್ಕೆ ಇವರು ಜಾಣತನ ಮಾಡಿ ಎರಡು ಸಲ ಬುಕ್ ಮಾಡಿದರು. ನಾನು ಮತ್ತು ಮಗ ಒಂದರಲ್ಲಿ, ಅತ್ತೆ ಮತ್ತು ಮಗಳು ಇನ್ನೊಂದರಲ್ಲಿ. 1,400 ಉಳಿಯಿತು ಅಂತ ನನಗೆ ಫೋನ್ ಮಾಡಿ ಹೇಳಿದ್ದರು. ನಾನೂ ‘ಒಳ್ಳೇದಾಯ್ತು ಬಿಡಿ’ ಅಂದಿದ್ದೆ. ಪಿಎನ್‌ಆರ್ ಎರಡಾದವು ಅನ್ನೋದು ಇಬ್ಬರ ತಲೆಗೂ ಬರಲಿಲ್ಲ.

ಈ ಸಲ ಸೀಟಿಗೆ ದುಡ್ಡು ಕಟ್ಟಲಿಲ್ಲ. ಕಾಶಿಯಲ್ಲಿ ದುಡ್ಡು ನೀರಿನ ಹಾಗೆ ಖರ್ಚಾಗಿತ್ತು. ಕಾಶಿಯ ಬಾಬತ್‌ಪುರದ ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ನೋಡಿದೆ. ನನಗೂ ಮಗನಿಗೂ ಏಳನೇ ಸಾಲು. ಅತ್ತೆಗೂ ಮಗಳಿಗೂ ಇಪ್ಪತ್ತಮೂರು. ನನಗೆ ಬರುವ ಹಿಂದಿಯಲ್ಲಿ ಕೌಂಟರಿನ ಹುಡುಗಿಗೆ ಹೇಳಿದೆ. ಆಕೆ ಒರಟಾಗಿ ಏನೂ ಮಾತಾಡಲಿಲ್ಲ. ‘ಬೇರೆ ಬೇರೆ ಬುಕಿಂಗ್ ಮೇಡಂ. ಎರಡರಲ್ಲೂ ಮಗುವಿನ ಜೊತೆ ದೊಡ್ಡವರು ಇದ್ದಾರಲ್ಲ’ ಅಂದಳು. ಒಟ್ಟಿಗೆ ಬೇಕಾದರೆ ಮುಂದಿನ ಸಾಲಲ್ಲಿ ಇದೆ, ನಾಲ್ಕಕ್ಕೆ 3,200. ಉಳಿಸಿದ್ದು 1,400, ಕೇಳುತ್ತಿರೋದು 3,200. ಹಟಕ್ಕೆ ಬಿದ್ದು ಬೇಡ ಅಂದೆ. ಎರಡೂವರೆ ಗಂಟೆ ತಾನೇ ಅಂತ.

ಆಕೆ ಹೇಳಿದ್ದೂ ಸರಿಯೇ. ಕಂಪ್ಯೂಟರಿನ ಲೆಕ್ಕಕ್ಕೆ ಅತ್ತೆ ದೊಡ್ಡವರು. ಆದರೆ ನಮ್ಮ ಅತ್ತೆಗೆ ವಯಸ್ಸು ಎಪ್ಪತ್ತು, ವಿಮಾನ ಹತ್ತುತ್ತಿರೋದು ಎರಡನೇ ಸಲ, ಬೆಲ್ಟ್ ಹಾಕೋದು ಹೇಗೆ ಅಂತ ಹೋಗುವಾಗ ನಾವೇ ತೋರಿಸಿಕೊಟ್ಟಿದ್ದೆವು. ಹಿಂದಿ ಬರಲ್ಲ, ಇಂಗ್ಲಿಷ್ ಬರಲ್ಲ. ಗಾಬರಿಯಾದರೆ ಕನ್ನಡವೂ ಹೋಗಿ ತೆಲುಗು ಬರುತ್ತೆ. ಅವರನ್ನೇ ಯಾರಾದರೂ ನೋಡಿಕೊಳ್ಳಬೇಕು. ನಾನೂ ಅತ್ತೆಯೂ ಅದಲು ಬದಲಾಗೋಣ ಅಂದರೆ ಮೂರು ವರ್ಷದವನು ನನ್ನನ್ನು ಬಿಟ್ಟು ಒಂದು ನಿಮಿಷ ಇರಲ್ಲ.

ಒಳಗೆ ಹೋದ ಮೇಲೆ ನನ್ನ ಪಕ್ಕದ ಹುಡುಗನನ್ನು ಕೇಳಿದೆ. ಹಿಂದೆ ಮಗಳಿದ್ದಾಳೆ, ಸೀಟು ಬದಲಾಯಿಸಿಕೊಳ್ತೀರಾ ಅಂತ. ಹಿಂದಿನದು ನಡುವಿನ ಸೀಟು. ಅವನು ಇದಕ್ಕೆ 450 ಕೊಟ್ಟಿದ್ದೀನಿ ಅಂತ ಫೋನ್ ತೋರಿಸಿದ. ಅವನ ಮೇಲೆ ನನಗೆ ಕೋಪ ಇಲ್ಲ. ಬಾಗೇಪಲ್ಲಿ ಬಸ್ಸಿನಲ್ಲಾದರೆ ‘ಮಗು ಇದೆ, ಸ್ವಲ್ಪ ಆ ಕಡೆ ಕೂತ್ಕೊಳ್ಳಪ್ಪ’ ಅಂದರೆ ಮುಗೀತು. ಒಂದೊಂದು ಸೀಟಿಗೂ ಬೆಲೆ ಕಟ್ಟಿ ಮಾರಿದ ಮೇಲೆ ಹಾಗೆ ಕೇಳೋಕೂ ನಾಲಿಗೆ ಬರಲ್ಲ.

ಹೊರಡುವ ಮುಂಚೆ ಏರ್‌ಹೋಸ್ಟೆಸ್ ಆಮ್ಲಜನಕದ ಮಾಸ್ಕ್ ತೋರಿಸಿದರು. ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಜೊತೆಯಲ್ಲಿರುವ ಮಗುವಿಗೆ ಹಾಕಿ. ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ನಾನು ತಿರುಗಿ ನೋಡಿದೆ. ಸೀಟುಗಳ ಮೇಲ್ತುದಿ ಬಿಟ್ಟರೆ ಏನೂ ಕಾಣಲಿಲ್ಲ. ಅತ್ತೆಗೆ ಇದರಲ್ಲಿ ಒಂದಕ್ಷರವೂ ತಿಳಿದಿರಲ್ಲ.

ಮೇಲೆ ಹೋದ ಮೇಲೆ ಎರಡು ಸಲ ಮಗನನ್ನು ಎತ್ತಿಕೊಂಡು ಹಿಂದೆ ಹೋಗಿ ನೋಡಿ ಬಂದೆ. ಚೆನ್ನಾಗೇ ಇದ್ದರು. ತೊಂದರೆ ಆಗಿದ್ದು ಇಳಿಯುವಾಗ. ವಿಮಾನ ಕೆಳಗೆ ಬರುವಾಗ ಕಿವಿ ಕಟ್ಟುತ್ತಲ್ಲ, ಮಕ್ಕಳಿಗೆ ಅದು ತುಂಬಾ ನೋಯುತ್ತೆ. ಏನಾದರೂ ಚೀಪುತ್ತಾ ಎಂಜಲು ನುಂಗುತ್ತಿದ್ದರೆ ಕಿವಿ ಬಿಡುತ್ತೆ. ಹೋಗುವಾಗಲೇ ಇದು ಗೊತ್ತಾಗಿ ಕಾಶಿಯಲ್ಲಿ ಒಂದು ಪೊಟ್ಟಣ ಕಲ್ಲುಸಕ್ಕರೆ ತೆಗೆದುಕೊಂಡಿದ್ದೆ. ಆ ಪೊಟ್ಟಣ ನನ್ನ ಬ್ಯಾಗಿನಲ್ಲಿ, ಏಳನೇ ಸಾಲಿನಲ್ಲಿ.

ಬೆಲ್ಟ್ ದೀಪ ಹತ್ತಿತು. ಮಗನ ಬಾಯಿಗೆ ಒಂದು ಚೂರು ಹಾಕಿದೆ. ಅಷ್ಟೊತ್ತಿಗೆ ಹಿಂದಿನಿಂದ ಅಳು ಕೇಳಿಸಿತು. ಹತ್ತು ಮಕ್ಕಳು ಒಟ್ಟಿಗೆ ಅತ್ತರೂ ನಮ್ಮ ಮಗುವಿನ ಅಳು ಯಾವುದು ಅಂತ ತಿಳಿಯುತ್ತೆ. ಎದ್ದೆ. ಮುಂದೆ ಕೂತಿದ್ದ ಏರ್‌ಹೋಸ್ಟೆಸ್ ಕೂತ್ಕೊಳ್ಳಿ ಅಂತ ಜೋರಾಗಿ ಹೇಳಿದರು. ಕೂತೆ. ಏನೂ ತೋಚದೆ ಪೊಟ್ಟಣವನ್ನೇ ಹಿಂದಿನ ಸೀಟಿನವರ ಕೈಗೆ ಕೊಟ್ಟು, ಇಪ್ಪತ್ತಮೂರನೇ ಸಾಲಿಗೆ ಕಳಿಸಿ ಅಂದೆ. ರಶ್ ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ದಾಟಿಸ್ತೀವಲ್ಲ, ಹಾಗೆ.

ಕಾಶಿಯಿಂದ ಬರುತ್ತಿರುವ ವಿಮಾನ. ಕೈಯಿಂದ ಕೈಗೆ ಕಲ್ಲುಸಕ್ಕರೆ ಬರುತ್ತಿದೆ. ಜನ ಏನಂದುಕೊಂಡಿರಬೇಕು? ಪ್ರಸಾದ ಅಂತ ಒಬ್ಬೊಬ್ಬರೂ ಒಂದೊಂದು ಚೂರು ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಹಿಂದಕ್ಕೆ ಕೊಟ್ಟಿದ್ದಾರೆ. ಅತ್ತೆಯ ಕೈಗೆ ಸೇರಿದಾಗ ಪೊಟ್ಟಣದಲ್ಲಿ ನಾಲ್ಕು ಚೂರು ಇದ್ದವಂತೆ. ಚಕ್ರ ಆಗಲೇ ನೆಲಕ್ಕೆ ತಾಕಿತ್ತು. ಮಗಳು ಅತ್ತೂ ಅತ್ತೂ ಅತ್ತೆಯ ಹೊಸ ಸೀರೆ ಮೇಲೆ ವಾಂತಿ ಮಾಡಿಕೊಂಡಿದ್ದಳು. ಅತ್ತೆಯೂ ಅಳುತ್ತಿದ್ದರು. ಪಕ್ಕದಲ್ಲಿದ್ದ ಯಾರೋ ಬಂಗಾಳಿ ಹೆಂಗಸು ಮಗಳ ಕಿವಿ ಮುಚ್ಚಿಕೊಂಡು ಕೂತಿದ್ದರು. ಭಾಷೆ ತಿಳಿಯದೆಯೂ ಅಷ್ಟು ಮಾಡಿದ ಆ ತಾಯಿ ಚೆನ್ನಾಗಿರಲಿ. ಈಗ ಮನೆಯಲ್ಲಿ ಪ್ರಸಾದದ ಕಥೆ ಹೇಳಿ ಎಲ್ಲರೂ ನಗುತ್ತೇವೆ, ಅವತ್ತು ನಗು ಬರಲಿಲ್ಲ.

ಕಂಪನಿಗೆ ಮೇಲ್ ಹಾಕಿದೆ. ಹೋಗುವಾಗಿನ 1,700 ನೀವಾಗಿ ಆರಿಸಿದ ಸೀಟಿನದು, ವಾಪಸ್ ಬರಲ್ಲ. ಬರುವಾಗಿನದು ಬೇರೆ ಬೇರೆ ಬುಕಿಂಗ್. ಅಷ್ಟೇ ಉತ್ತರ. ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಟ್ಟೆ, ದೂರಿನ ನಂಬರ್ ಬಂತು, ಸ್ವಲ್ಪ ದಿನದ ಮೇಲೆ ಅದೇ ಉತ್ತರ ಅಂಟಿಸಿ ಮುಗಿಸಿದರು. 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ ಅಂತ ಪಕ್ಕದ ಮನೆ ಹುಡುಗ ಹೇಳಿದ. ಇನ್ನೂ ಮಾಡಿಲ್ಲ. ಒಂದೇ ಪಿಎನ್‌ಆರ್ ಇದ್ದೂ ಮಗುವನ್ನು ಬೇರೆ ಕೂರಿಸಿದ್ದರೆ ನಿಮ್ಮ ದೂರಿಗೆ ನನ್ನದಕ್ಕಿಂತ ತೂಕ ಇರುತ್ತೆ, ಸ್ಕ್ರೀನ್‌ಶಾಟ್ ಮತ್ತೆ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಅದೇ ಹುಡುಗ ಹೇಳಿದ ಇನ್ನೊಂದು ಮಾತು. ದುಡ್ಡು ಕೊಡದೆ ಚೆಕ್-ಇನ್ ಮಾಡಿ, ಸೀಟು ಬೇರೆ ಬೇರೆ ಬಂದರೆ ಸುಮ್ನೆ ಇರಬೇಡಿ. ಕೌಂಟರಿಗೆ ಬೇಗ ಹೋಗಿ, ಮಗುವಿನ ವಯಸ್ಸು ಹೇಳಿ, ಡಿಜಿಸಿಎ ನಿಯಮ ಅಂತ ಬಾಯಿಬಿಟ್ಟು ಹೇಳಿ. ಜನ ಕಮ್ಮಿ ಇದ್ದಾಗ ಬದಲಾಯಿಸೋದು ಅವರಿಗೂ ಸುಲಭ. ಎಲ್ಲರೂ ಒಳಗೆ ಹೋಗಿ ಕೂತ ಮೇಲೆ ಪಾಪ, ಅವರೂ ನನ್ನ ಹಾಗೆ ಒಬ್ಬೊಬ್ಬರನ್ನೇ ಬೇಡಿಕೊಳ್ಳಬೇಕು.

ಇದನ್ನು ಇವತ್ತು ಬರೆಯೋಕೆ ಕಾರಣ ನಮ್ಮ ನಾದಿನಿ. ಎರಡು ಮಕ್ಕಳನ್ನು ಕರೆದುಕೊಂಡು ಮುಂದಿನ ಗುರುವಾರ ದೆಹಲಿಗೆ ಹೊರಟಿದ್ದಾಳೆ. ‘ಅತ್ತಿಗೆ, ಸೀಟಿಗೆ ದುಡ್ಡು ಕಟ್ಟಲಾ?’ ಅಂತ ನಿನ್ನೆ ಟಿಕೆಟ್ ಕಳಿಸಿದ್ದಳು. ತೆರೆದು ನೋಡಿದರೆ ಎರಡು ಪಿಎನ್‌ಆರ್. ಅವರ ಮನೆಯವರೂ ಉಳಿಸಿದ್ದಾರೆ, 900 ರೂಪಾಯಿ. ಇಬ್ಬರೂ ಸೇರಿ ಕಂಪನಿಗೆ ಫೋನ್ ಹಚ್ಚಿದೆವು, ಇಪ್ಪತ್ತು ನಿಮಿಷ ಹಾಡು ಕೇಳಿಸಿ ಆಮೇಲೆ ಒಬ್ಬರು ಸಿಕ್ಕರು. ಎರಡೂ ಬುಕಿಂಗ್ ಒಂದೇ ಕುಟುಂಬದ್ದು ಅಂತ ಬರೆದುಕೊಂಡಿದ್ದೀವಿ, ಸೀಟಿನ ಗ್ಯಾರಂಟಿ ಕೊಡೋಕಾಗಲ್ಲ ಅಂದರು. ಕಲ್ಲುಸಕ್ಕರೆಯನ್ನು ಎರಡು ಪೊಟ್ಟಣ ಮಾಡಿ ಇಟ್ಟುಕೋ ಅಂತ ಅವಳಿಗೆ ಹೇಳಿದ್ದೇನೆ.