ಗ್ರಂಥಾಲಯದ ಮೂರು ದಿನದ ತರಬೇತಿ: ಎರಡನೇ ದಿನ ತಪ್ಪಿಸಬೇಡಿ

2025ರ ಜುಲೈನಲ್ಲಿ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದವರು ಮೂರು ದಿನದ ‘ಮಾಹಿತಿ ಸಾಕ್ಷರತೆ’ ತರಬೇತಿ ಇಟ್ಟಿದ್ದರು, ಅಂದರೆ ಬೇಕಾದ ಮಾಹಿತಿಯನ್ನು ಹುಡುಕಿ, ಪರೀಕ್ಷಿಸಿ, ಸರಿಯಾಗಿ ಬಳಸುವುದನ್ನು ಕಲಿಸುವುದು. ಹೊಸದಾಗಿ ಪಿಎಚ್‌ಡಿಗೆ ಸೇರಿದವರಿಗೂ ಎಂಎ ಕೊನೆ ವರ್ಷದವರಿಗೂ. ಶುಲ್ಕ ಇಲ್ಲ, ಹಾಜರಿ ಕಡ್ಡಾಯವೂ ಅಲ್ಲ. ಯಾವ ವಿಶ್ವವಿದ್ಯಾಲಯ ಅಂತ ಬರೆಯುವುದಿಲ್ಲ. ಬೇರೆ ಊರಿನ ಗೆಳೆಯರನ್ನು ಕೇಳಿದಾಗ ಅಲ್ಲೂ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ ಅಂದರು, ಹಾಗಾಗಿ ನಿಮ್ಮಲ್ಲೂ ಇಂಥದ್ದೊಂದು ಸುತ್ತೋಲೆ ಬಂದರೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸಲು ಇದು ನೆರವಾಗಬಹುದು.

ನಾನು ಡಿಗ್ರಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನನ್ನ ವಿಷಯ ಹಳೇ ಮೈಸೂರು ಭಾಗದ ಕೆರೆಗಳ ಇತಿಹಾಸ. ಅಲ್ಲಿಯವರೆಗೆ ನನಗೆ ಹುಡುಕುವುದು ಅಂದರೆ ಗೂಗಲ್‌ನಲ್ಲಿ ಒಂದು ಸಾಲು ಹೊಡೆದು ಮೊದಲ ಪುಟದಲ್ಲಿ ಬಂದದ್ದನ್ನು ಓದುವುದು, ಅಷ್ಟೇ.

ಮೊದಲ ದಿನ ಸೆಮಿನಾರ್ ಹಾಲ್‌ನಲ್ಲಿ ನೂರಕ್ಕೂ ಜಾಸ್ತಿ ಜನ. ಬೆಳಗ್ಗೆಯಿಂದ ಸಂಜೆವರೆಗೆ ಸ್ಲೈಡು. ಲೇಖನ ಹುಡುಕುವ ಡೇಟಾಬೇಸ್‌ಗಳ ಹೆಸರು ಒಂದಾದ ಮೇಲೊಂದು ಬಂದವು, ಹೋದವು. ತೋರಿಸಿದ್ದನ್ನು ನಾವೇ ಮಾಡಿ ನೋಡಲು ಮುಂದೆ ಕಂಪ್ಯೂಟರ್ ಇರಲಿಲ್ಲ. ಆದರೂ ಒಂದು ವಿಷಯ ನನಗೆ ನಿಜಕ್ಕೂ ಹೊಸದು. ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿ 1ರಿಂದ ಶುರುವಾಗಿದೆ. ಸಂಶೋಧನಾ ಪತ್ರಿಕೆಗಳಿಗೆ, ಅಂದರೆ ಜರ್ನಲ್‌ಗಳಿಗೆ, ಎಲ್ಲರ ಪರವಾಗಿ ಸರ್ಕಾರವೇ ಚಂದಾ ಕಟ್ಟುತ್ತದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆಲ್ಲ ಇದು ಸಿಗುತ್ತದೆ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಆರು ತಿಂಗಳಿಂದ ನಾನು ‘ದುಡ್ಡು ಕೊಟ್ಟು ಓದಿ’ ಅನ್ನುವ ಪುಟ ಕಂಡ ಕೂಡಲೇ ವಾಪಸ್ ಬರುತ್ತಿದ್ದೆ. ಅದರಲ್ಲಿ ಎಷ್ಟೋ ಲೇಖನಗಳು ನನಗೆ ಪುಕ್ಕಟೆ ತೆರೆದೇ ಇದ್ದವು. ಇದನ್ನು ಪ್ರವೇಶದ ದಿನವೇ ಹೇಳಬಾರದಿತ್ತೇ? ಪ್ರತಿ ವಿಭಾಗದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರೂ ಸಾಕಿತ್ತು.

ಎರಡನೇ ದಿನ ಬೇರೆಯೇ ಲೋಕ.

ಹದಿನೈದು ಹದಿನೈದು ಜನರ ತಂಡ ಮಾಡಿ ಕಂಪ್ಯೂಟರ್ ಲ್ಯಾಬ್‌ಗೆ ಕರೆದುಕೊಂಡು ಹೋದರು. ನಮ್ಮ ತಂಡಕ್ಕೆ ರೆಫರೆನ್ಸ್ ವಿಭಾಗದ ಒಬ್ಬರು ಮೇಡಂ ಬಂದಿದ್ದರು. ಸ್ಲೈಡು ಹಾಕಲೇ ಇಲ್ಲ. “ನಿಮ್ಮ ವಿಷಯ ಒಂದು ಸಾಲಲ್ಲಿ ಬರೀರಿ, ಆಮೇಲೆ ಹುಡುಕಿ” ಅಂದರು. ನಾನು ಇಂಗ್ಲಿಷಿನಲ್ಲಿ ‘ಟ್ಯಾಂಕ್’, ‘ಹಿಸ್ಟರಿ’ ಅಂತ ಹೊಡೆದೆ. ಸೇನೆಯ ಟ್ಯಾಂಕು, ಎಣ್ಣೆ ಟ್ಯಾಂಕು, ಮೀನಿನ ತೊಟ್ಟಿ ಎಲ್ಲ ಬಂದವು. ಮೇಡಂ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳಿದರು: “ಇದರ ಬಗ್ಗೆ ಬರೆದೋರು ಕೆರೆಗೆ ಏನೇನು ಅಂದಿರಬಹುದು, ಯೋಚನೆ ಮಾಡಿದ್ರಾ?”

ಮಾಡಿರಲಿಲ್ಲ. ಇಬ್ಬರೂ ಕೂತು ಹಾಳೆ ಮೇಲೆ ಮೂರು ಸಾಲು ಹಾಕಿದೆವು. ಒಂದರಲ್ಲಿ ಕೆರೆಗೆ ಇರುವ ಹೆಸರುಗಳು: ಬ್ರಿಟಿಷ್ ಅಧಿಕಾರಿಗಳು ಬಳಸಿದ ಟ್ಯಾಂಕ್, ಇಂಗ್ಲಿಷ್ ಲೇಖನದಲ್ಲೂ ಹಾಗೇ ಬರುವ ಕೆರೆ, ತಮಿಳುನಾಡಿನ ಬಗ್ಗೆ ಬರೆಯುವವರ ಏರಿ, ಸರ್ಕಾರಿ ಕಡತದ ಸಣ್ಣ ನೀರಾವರಿ. ಇನ್ನೊಂದರಲ್ಲಿ ಜಾಗದ ಹೆಸರುಗಳು, ಅದರಲ್ಲೂ ಮೈಸೂರು, ಕರ್ನಾಟಕ ಎರಡೂ, ಯಾಕೆಂದರೆ ರಾಜ್ಯದ ಹೆಸರು ಬದಲಾಗಿದ್ದು 1973ರಲ್ಲಿ. ಮೂರನೆಯದರಲ್ಲಿ ಕಾಲ. ಒಂದೇ ಸಾಲಿನ ಪದಗಳ ನಡುವೆ ‘ಆರ್’ (ಯಾವುದಾದರೂ ಒಂದು ಇದ್ದರೆ ಸಾಕು), ಸಾಲು ಸಾಲಿನ ನಡುವೆ ‘ಆ್ಯಂಡ್’ (ಪ್ರತಿ ಸಾಲಿನಿಂದಲೂ ಒಂದು ಇರಲೇಬೇಕು). ಎರಡು ಪದ ಜೊತೆಯಾಗಿಯೇ ಬರಬೇಕಾದರೆ ಉದ್ಧರಣ ಚಿಹ್ನೆ, ಪದದ ಬೇರೆ ಬೇರೆ ರೂಪ ಬೇಕಾದರೆ ಕೊನೆಗೆ ನಕ್ಷತ್ರ ಚಿಹ್ನೆ (*). ಮತ್ತೆ ಹುಡುಕಿದಾಗ ಮೊದಲ ಪುಟದಲ್ಲೇ ನನಗೆ ಬೇಕಾದ ಏಳು ಲೇಖನ. ಸುಮ್ನೆ ಹೇಳುತ್ತಿಲ್ಲ, ನನಗೆ ಕಣ್ಣು ತುಂಬಿ ಬಂತು, ಯಾಕೆಂದರೆ ನನ್ನ ಇಂಗ್ಲಿಷ್ ಸಾಲದು, ಅದಕ್ಕೇ ಏನೂ ಸಿಗುತ್ತಿಲ್ಲ ಅಂತ ಅಷ್ಟು ದಿನ ನಂಬಿದ್ದೆ.

ಮಧ್ಯಾಹ್ನ ಇನ್ನೂ ಚೆನ್ನಾಗಿತ್ತು. ಹಳೇ ಮೈಸೂರಿನಲ್ಲಿ ಇಷ್ಟು ಸಾವಿರ ಕೆರೆಗಳಿದ್ದವು ಅನ್ನುವ ಸಂಖ್ಯೆಯನ್ನು ನಾನು ನನ್ನ ಸಂಶೋಧನೆಯ ಸಾರಾಂಶದಲ್ಲಿ ಬರೆದಿದ್ದೆ. “ಇದು ಎಲ್ಲಿಂದ ಬಂತು?” ಅಂತ ಮೇಡಂ ಕೇಳಿದರು. ಒಂದು ಲೇಖನ ತೋರಿಸಿದೆ. ಅದರ ಅಡಿಟಿಪ್ಪಣಿ ಇನ್ನೊಂದು ಲೇಖನಕ್ಕೆ ಹೋಯಿತು, ಅದು ಮತ್ತೊಂದಕ್ಕೆ. ಮೂರನೆಯದರಲ್ಲಿ ಅಡಿಟಿಪ್ಪಣಿಯೇ ಇಲ್ಲ, ಸಂಖ್ಯೆಯೂ ಬೇರೆ. ಕೊನೆಗೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನ 1897ರ ಪರಿಷ್ಕೃತ ಮುದ್ರಣವನ್ನು ಆರ್ಕೈವ್ ತಾಣದಲ್ಲಿ ತೆಗೆದು, ಅವರು ಯಾವ ಗಡಿಯೊಳಗಿನ, ಯಾವ ಕಾಲದ ಲೆಕ್ಕ ಕೊಡುತ್ತಿದ್ದಾರೆ ಅಂತ ನಾವೇ ಓದಬೇಕಾಯಿತು. ಒಂದು ಸಂಖ್ಯೆಗೆ ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿ ಕಲಿತದ್ದನ್ನು ನನಗೆ ಐದು ವರ್ಷದ ಕಾಲೇಜು ಕಲಿಸಿರಲಿಲ್ಲ.

ಅಪರಿಚಿತ ವೆಬ್‌ಸೈಟನ್ನು ನಂಬಬೇಕೋ ಬೇಡವೋ ಅನ್ನುವುದಕ್ಕೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ 2017ರ ಒಂದು ಅಧ್ಯಯನದ ಕಥೆ ಹೇಳಿದರು. ಇತಿಹಾಸದ ಪಿಎಚ್‌ಡಿ ಮಾಡಿದವರು, ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಂಶ ಪರಿಶೀಲಿಸುವ ವೃತ್ತಿಯವರು, ಮೂರೂ ಗುಂಪಿಗೆ ಒಂದೇ ಪುಟಗಳನ್ನು ಕೊಟ್ಟರಂತೆ. ಮೊದಲ ಎರಡು ಗುಂಪಿನ ಬಹಳ ಮಂದಿ ಆ ಪುಟದಲ್ಲೇ ಮೇಲೆ ಕೆಳಗೆ ನೋಡುತ್ತಾ, ಲಾಂಛನ ಮತ್ತು ವಿನ್ಯಾಸ ಕಂಡು ಮೋಸ ಹೋದರು. ಪರಿಶೀಲಕರು ಮಾತ್ರ ಬೇಗನೆ ಆ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ನೋಡಿದರು. ನಮ್ಮೂರಲ್ಲಿ ಸಂಬಂಧ ಬೆಳೆಸುವ ಮುಂಚೆ ಆ ಮನೆಯವರನ್ನಲ್ಲ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರಲ್ವಾ, ಹಾಗೆ. ಅದೇ ದಿನ ನಮ್ಮಲ್ಲೊಬ್ಬ ಚಾಟ್‌ಜಿಪಿಟಿ ಕೊಟ್ಟ ಹತ್ತು ಗ್ರಂಥಗಳ ಪಟ್ಟಿ ತಂದಿದ್ದ. ಒಂದೊಂದಾಗಿ ಹುಡುಕಿದೆವು. ನಾಲ್ಕು ಎಲ್ಲೂ ಇಲ್ಲ. ಮೇಡಂ ಅವನನ್ನು ಬೈಯಲಿಲ್ಲ, ಹೇಗೆ ಪರೀಕ್ಷಿಸಬೇಕು ಅಂತ ಎಲ್ಲರಿಗೂ ತೋರಿಸಿದರು.

ಮೂರನೇ ದಿನ ಕೃತಿಚೌರ್ಯ ಮತ್ತು ಪ್ರಕಟಣೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡ ಇಲ್ಲ, 10ರಿಂದ 40, 40ರಿಂದ 60, 60ರ ಮೇಲೆ ಅಂತ ಮೂರು ಹಂತ. ಇಡೀ ಬೆಳಗ್ಗೆ ಈ ಶೇಕಡಾ ಲೆಕ್ಕದಲ್ಲೇ ಹೋಯಿತು. ಇನ್ನೊಬ್ಬರ ಮಾತನ್ನು ನಮ್ಮ ಮಾತಿನಲ್ಲಿ ಹೇಳಿ ಅವರ ಹೆಸರು ಹೇಗೆ ಕೊಡಬೇಕು ಅನ್ನುವುದಕ್ಕೆ ಹತ್ತು ನಿಮಿಷವೂ ಸಿಗಲಿಲ್ಲ. ಹೋಲಿಕೆ ಹಿಡಿಯುವ ಸಾಫ್ಟ್‌ವೇರ್‌ಗೆ ಹೆದರುವುದನ್ನು ಕಲಿಸಿದರು, ಬರೆಯುವುದನ್ನು ಕಲಿಸಲಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಯಾವ ಜರ್ನಲ್ ಒಳ್ಳೆಯದು ಅನ್ನುವುದಕ್ಕೆ ‘ಯುಜಿಸಿ ಕೇರ್ ಪಟ್ಟಿ ನೋಡಿ’ ಅನ್ನುವ ಸ್ಲೈಡ್ ಇತ್ತು. ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲೇ ಕೈಬಿಟ್ಟಿದೆ. ದುಡ್ಡು ಕಿತ್ತು ಏನು ಬೇಕಾದರೂ ಛಾಪಿಸುವ ಜರ್ನಲ್‌ಗಳು ದಿನಾ ಮೇಲ್ ಕಳಿಸುವ ಕಾಲದಲ್ಲಿ ಹಳೇ ಸ್ಲೈಡ್ ನಂಬಿ ಯಾರಾದರೂ ಹಣ ಕಟ್ಟಿದರೆ ಅದು ಬಡ ವಿದ್ಯಾರ್ಥಿಯ ಫೆಲೋಶಿಪ್ ಹಣ. ದಯವಿಟ್ಟು ಪ್ರತಿ ಸಲ ಸ್ಲೈಡ್ ತಿದ್ದಿ. ಜೋಟೆರೋ ಕಲಿಸಿದ್ದು ಮಾತ್ರ ಚೆನ್ನಾಗಿತ್ತು, ಪುಕ್ಕಟೆ ತಂತ್ರಾಂಶ, ಗ್ರಂಥಸೂಚಿ ತಾನೇ ಜೋಡಿಸಿಕೊಡುತ್ತದೆ.

ನನ್ನ ದೊಡ್ಡ ಕೊರಗು ಕನ್ನಡದ್ದು. ಮೂರು ದಿನದಲ್ಲಿ ಒಂದು ಗಂಟೆಯೂ ಕನ್ನಡದಲ್ಲಿ ಹುಡುಕುವುದಕ್ಕೆ ಮೀಸಲಿರಲಿಲ್ಲ. ಭಾರತದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ಕನ್ನಡ ಪ್ರಬಂಧಗಳು ಬೇಕಾದಷ್ಟಿವೆ. ಆದರೆ ಒಂದರ ಶೀರ್ಷಿಕೆ ಕನ್ನಡ ಲಿಪಿಯಲ್ಲಿದ್ದರೆ ಇನ್ನೊಂದರದ್ದು ರೋಮನ್ ಲಿಪಿಯಲ್ಲಿ, ಅದೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಯೂನಿಕೋಡ್ ಅಲ್ಲದ ಹಳೇ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವೇ, ಒಂದು ಸಾಲು ಕಾಪಿ ಮಾಡಿ ನೋಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಹಾಗಾಗಿ ಅದರೊಳಗೆ ‘ಕೆರೆ’ ಅಂತ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇದನ್ನು ಯಾರೂ ಹೇಳದಿದ್ದರೆ ‘ಕನ್ನಡದಲ್ಲಿ ಈ ಬಗ್ಗೆ ಕೆಲಸ ಆಗಿಲ್ಲ’ ಅಂತ ಬರೆದುಬಿಡುತ್ತೇವೆ. ನಾನು ಬರೆದೂ ಇದ್ದೆ. ಚಹಾ ಹೊತ್ತಿನಲ್ಲಿ ಮೇಡಂ ಹತ್ತಿರ ಕೇಳಿದ್ದಕ್ಕೆ ಅವರು ಮಾರ್ಗದರ್ಶಕರ ಹೆಸರಿನಿಂದಲೂ ವಿಭಾಗದ ಹೆಸರಿನಿಂದಲೂ ಒಳಗೆ ಹೋಗುವ ದಾರಿ ತೋರಿಸಿದರು. ಆ ಹತ್ತು ನಿಮಿಷದಲ್ಲಿ ಎರಡು ಹಳೇ ಪ್ರಬಂಧ ಸಿಕ್ಕವು. ಅದನ್ನು ಹದಿನೈದು ಜನರಿಗೂ ಹೇಳಿಕೊಡಬೇಕಿತ್ತು.

ಐದಕ್ಕೆ ಅಂಕ ಕೊಡಿ ಅಂದರೆ ಮೊದಲ ದಿನಕ್ಕೆ ಎರಡು, ಮೂರನೆಯದಕ್ಕೆ ಎರಡೂವರೆ, ಎರಡನೆಯದಕ್ಕೆ ಪೂರ್ತಿ ಐದು. ಹೋಗುವಾಗ ನಿಮ್ಮ ವಿಷಯವನ್ನು ಒಂದು ಸಾಲಲ್ಲಿ ಬರೆದುಕೊಂಡು ಹೋಗಿ, ನೀವು ಈಗಾಗಲೇ ನಂಬಿರುವ ಒಂದು ಸಂಖ್ಯೆಯನ್ನೂ ಜೊತೆಗೆ ಒಯ್ಯಿರಿ. ನಮ್ಮಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ರೆಫರೆನ್ಸ್ ಮೇಜಿನ ಹತ್ತಿರ ಯಾರು ಬೇಕಾದರೂ ಹೋಗಿ ಕೇಳಬಹುದು, ತರಬೇತಿಗೆ ಕಾಯಬೇಕಿಲ್ಲ. ನಾನು ಹೋದಾಗಲೆಲ್ಲ ಎದುರಿನ ಕುರ್ಚಿ ಖಾಲಿಯೇ ಇರುತ್ತದೆ.