ಮನೆ ಮುಂದೆ ಗುಲ್‌ಮೊಹರೋ, ಕಕ್ಕೆಯೋ?

ಮೇ ಬಿಸಿಲಲ್ಲಿ ಕಲಬುರಗಿಯಿಂದ ಬೀದರ್ ಕಡೆ ಹೊರಟರೆ ಕಣ್ಣು ಸೆಳೆಯುವ ಹೂ ಇವೆರಡು.

ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಬೇಗ ಬೆಳೆದು ಕೊಡೆಯಂತೆ ಹರಡುತ್ತದೆ. ಆದರೆ ಬೇರು ಮೇಲೆಮೇಲೇ ಓಡಿ ಅಂಗಳದ ಶಹಾಬಾದ್ ಕಲ್ಲನ್ನೂ ಎತ್ತೀತು. ಕಟ್ಟಿಗೆ ಪೆಳಸು, ಗಾಳಿಮಳೆಗೆ ಕೊಂಬೆ ಮುರಿಯುತ್ತದೆ. ಗೋಡೆಯಿಂದ 20 ಅಡಿ ಜಾಗವಿದ್ದರಷ್ಟೇ ಹಚ್ಚಿ.

ಸಣ್ಣ ಅಂಗಳಕ್ಕೆ ಕಕ್ಕೆಯೇ ಸರಿ. ಬೆಳವಣಿಗೆ ನಿಧಾನ; ಹಳದಿ ಗೊಂಚಲು ಇಳಿಬೀಳುವ ಹೊತ್ತಿಗೆ ಎಲೆ ಬಹುತೇಕ ಉದುರಿರುತ್ತದೆ, ನೆರಳಿನ ಆಸೆ ಬೇಡ. ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೇ ಬಿತ್ತಿದರೆ ನೀರು ಒಳಗಿಳಿಯದೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಮೊಳಕೆಯ ಮೂತಿ ಬಿಟ್ಟು, ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೆನೆಸಿ ಬಿತ್ತಿ. ಎರೆಮಣ್ಣಾದರೆ ಗುಂಡಿಗೆ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ಬೆರೆಸಿ. ನೀರು ನಿಂತರೆ ಎಳೆ ಬೇರು ಕೊಳೆಯುತ್ತದೆ.